ಹೊಳೆ ಬಂದ ವರ್ಷದ ಹಾಜರಿ

ಮೊನ್ನೆ ಬೈಲಹೊಂಗಲದ ಬಜಾರಿನಲ್ಲಿ ಮಳೆ ಬಂದು ನಿಂತಿತ್ತು. ಕೊಡೆ ಮಡಚುತ್ತ ಕಿರಾಣಿ ಅಂಗಡಿಯ ಮೆಟ್ಟಿಲಿಳಿದವಳು ಅಲ್ಲಿಯೇ ನಿಂತುಬಿಟ್ಟೆ. ಗಟಾರದ ಬದಿಗೆ ಕುಳಿತ ಹೆಂಗಸೊಬ್ಬಳು ಒದ್ದೆ ಗೋಣಿಚೀಲ ಬಿಚ್ಚಿ, ನೆನೆಸಿದ ಈಚಲು ಗರಿಗಳನ್ನು ತೆಗೆದು ಕಸಬರಿಗೆ ಕಟ್ಟುತ್ತಿದ್ದಳು. ಆ ಗರಿಗಳಿಗೆ ಒಂದು ವಾಸನೆಯಿದೆ. ಹಸಿ ಹುಲ್ಲಿನದಲ್ಲ, ಕೊಳೆತ ಎಲೆಯದೂ ಅಲ್ಲ. ಒಮ್ಮೆ ಮೂಗಿಗೆ ಹತ್ತಿದರೆ ಬಿಡುವುದಿಲ್ಲ.

ಬೇಡದಿದ್ದರೂ ಎರಡು ಕಸಬರಿಗೆ ಕೊಂಡು ಮನೆಗೆ ಬಂದೆ. ಪಡಸಾಲೆಯಲ್ಲಿಟ್ಟರೆ ಅಡುಗೆಮನೆಗೂ ವಾಸನೆ ಬಂತು. ಹಿತ್ತಲಿಗೆ ಒಯ್ದಿಟ್ಟರೆ ಕಣ್ಣು ಹಿತ್ತಲಿಗೇ ಹೋಗುತ್ತಿತ್ತು. ಕೂತರೆ ಕೂರಲಾಗಲಿಲ್ಲ, ನಿಂತರೆ ನಿಲ್ಲಲಾಗಲಿಲ್ಲ. ದುರ್ಗವ್ವ ಎಂಬ ಮುದುಕಿಗೆ ನಾನು ಕೊಟ್ಟ ಮಾತೊಂದು ನಡೆಸದೆ ಉಳಿದಿತ್ತು. ಆ ಮಾತು ಏನೆಂದು ಹೇಳಬೇಕಾದರೆ ಮಲಪ್ರಭಾ ಹೊಳೆ ತುಂಬಿ ಬಂದ ಆ ಮಳೆಗಾಲದಿಂದಲೇ ಶುರು ಮಾಡಬೇಕು.

ನಾನಾಗ ತಲಾಠಿ. ಸರಕಾರಿ ಕಾಗದದಲ್ಲಿ ಗ್ರಾಮ ಲೆಕ್ಕಾಧಿಕಾರಿ ಎಂದಿದ್ದರೂ ನಮ್ಮ ಕಡೆ ಜನ ಕರೆಯುವುದು ತಲಾಠಿ ಎಂದೇ. ಹುಟ್ಟಿದ್ದು ಸಂಪಗಾಂವದ ಒಕ್ಕಲು ಮನೆಯಲ್ಲಿ. ಹತ್ತು ವರ್ಷ ಊರ ಹತ್ತಿರವೇ ಕೆಲಸ ಮಾಡಿ, ಮೊದಲ ಸಲ ಊರು ಬಿಟ್ಟು ರಾಮದುರ್ಗ ತಾಲೂಕಿಗೆ ಹೋಗಿದ್ದೆ. ಸುರೇಬಾನದಿಂದ ಸ್ವಲ್ಪ ಆಚೆ, ಹೊಳೆಯ ದಂಡೆಯ ಒಂದು ಊರು ನನ್ನ ಪಾಲಿಗೆ ಬಂದಿತ್ತು. ಊರಿನ ಹೆಸರು ಬೇಡ. ಎರೆಮಣ್ಣಿನ ಹೊಲಗಳು, ನೀರು ಹಾಯುವಲ್ಲಿ ಕಬ್ಬು, ಉಳಿದಲ್ಲಿ ಗೋವಿನಜೋಳ. ಊರಿನ ತಗ್ಗಿನ ಅಂಚಿಗೆ, ಹೊಳೆಗೆ ಎಲ್ಲರಿಗಿಂತ ಹತ್ತಿರ, ಕೊರವರ ಹತ್ತು ಹನ್ನೆರಡು ಮನೆಗಳಿದ್ದವು. ಬುಟ್ಟಿ ಹೆಣೆಯುವವರು, ಕಸಬರಿಗೆ ಕಟ್ಟುವವರು, ಮದುವೆಗಳಲ್ಲಿ ಸನಾದಿ ಊದುವವರು.

ನಿಜ ಹೇಳುತ್ತೇನೆ, ಮೊದಲ ಮೂರು ತಿಂಗಳು ನಾನು ಆ ಓಣಿಗೆ ಇಳಿಯಲೇ ಇಲ್ಲ. ನಾನು ಸಣ್ಣವಳಿದ್ದಾಗ ಸಂಪಗಾಂವದ ಹೊರಗೆ ಅವರ ಕತ್ತೆಗಳು ಕಂಡರೆ ಸಾಕು, ನಮ್ಮಜ್ಜಿ ಒಣಹಾಕಿದ ಬಟ್ಟೆಗಳನ್ನು ಒಳಗೆ ತಂದು, ಮಕ್ಕಳನ್ನು ಎಣಿಸಿ, ಅಗಳಿ ಹಾಕುತ್ತಿದ್ದಳು. ಅವರು ಏನು ಕದ್ದಿದ್ದರು ಎಂದು ಯಾರೂ ಹೇಳಿದ್ದಿಲ್ಲ. ನಮ್ಮ ಮನೆಯಿಂದ ಒಂದು ಚಮಚೆ ಹೋದದ್ದೂ ನನಗೆ ನೆನಪಿಲ್ಲ. ಆದರೂ ಆ ಅಗಳಿ ನನ್ನೊಳಗೆ ಬಿದ್ದದ್ದು ಬಿದ್ದೇ ಇತ್ತು.

ಶ್ರಾವಣದಲ್ಲಿ ಮಳೆ ಹಿಡಿಯಿತು. ಖಾನಾಪುರದ ಕಾಡಿನಲ್ಲಿ ಬಿದ್ದ ನೀರೆಲ್ಲ ಸವದತ್ತಿಯ ಹತ್ತಿರ ನವಿಲುತೀರ್ಥದ ಅಣೆಕಟ್ಟಿಗೆ ಬಂದು ತುಂಬಿತು. ಅಲ್ಲಿಂದ ಬಿಟ್ಟ ನೀರು ನಮ್ಮೂರಿಗೆ ಬಂದಾಗ ಮಧ್ಯಾಹ್ನದ ಊಟದ ಹೊತ್ತು. ಕೆಂಪು ನೀರು ಕಬ್ಬಿನ ಗದ್ದೆಗಳನ್ನು ದಾಟಿ, ಸದ್ದಿಲ್ಲದೆ, ಹಿಟ್ಟು ನಾದಿದ ಹಾಗೆ ಉಬ್ಬುತ್ತ ಬಂತು. ಸಂಜೆಯೊಳಗೆ ತಗ್ಗಿನ ಮನೆಗಳನ್ನೆಲ್ಲ ಖಾಲಿ ಮಾಡಿಸಿ, ದಿಬ್ಬದ ಮೇಲಿದ್ದ ಸಾಲೆಯಲ್ಲಿ ಜನರನ್ನು ಇರಿಸಿದೆವು. ಸಾಲೆಯ ಸುತ್ತ ಮುಳ್ಳುತಂತಿಯ ಬೇಲಿ ಇತ್ತು. ಸಾಮಾನಿನ ಆಸೆಗೆ ಯಾರಾದರೂ ನೀರಿಗೆ ಇಳಿದಾರು ಎಂದು ಪೊಲೀಸಪ್ಪ ಗೇಟಿಗೆ ಕೀಲಿ ಹಾಕಿ ಕಟ್ಟೆಯ ಮೇಲೆ ಕುಳಿತ.

ಮರುದಿನ ಬೆಳಿಗ್ಗೆ ನಾನು ಪಟ್ಟಿ ಹಿಡಿದು ಹೆಸರು ಕರೆಯತೊಡಗಿದೆ. ಎಲ್ಲರೂ ಮೇಲೆ ಬಂದಿದ್ದಾರೋ ಇಲ್ಲವೋ ನೋಡಬೇಕಿತ್ತು. ಒಬ್ಬೊಬ್ಬರೇ "ಇಲ್ಲೇ ಅದೇನ್ರಿ", "ಹೂಂನ್ರಿ" ಎಂದು ಕೈ ಎತ್ತಿದರು. ದುರ್ಗವ್ವ ಕೊರವರ ಎಂದೆ. ಉತ್ತರವಿಲ್ಲ. ಎರಡನೆಯ ಸಲ ಜೋರಾಗಿ ಕರೆದೆ. ಗೋಡೆಗೆ ಒರಗಿದ್ದ ಎಂಬತ್ತರ ಆಸುಪಾಸಿನ ಮುದುಕಿಯನ್ನು ಪಕ್ಕದಲ್ಲಿದ್ದ ಮೊಮ್ಮಗಳು ಮೊಳಕೈಯಿಂದ ತಿವಿದಳು. ಮುದುಕಿ ಎದ್ದು ನಿಂತಳು. ಹಾಗೆ ಯಾರೂ ಎದ್ದು ನಿಲ್ಲುವುದನ್ನು ನಾನು ನೋಡಿರಲಿಲ್ಲ. ಎರಡೂ ಕೈ ತೊಡೆಗೆ ಹಚ್ಚಿ, ಬೆನ್ನು ಸೆಟೆಸಿ, ಕಣ್ಣು ನೆಲಕ್ಕೆ ಇಳಿಸಿ, ಸಾಲೆಯ ಹುಡುಗಿಯ ದನಿಯಲ್ಲಿ, "ಮಾರ್ಥಾ. ಹಾಜರ್," ಎಂದಳು. ಆಮೇಲೆ ಎಡಗೈಯ ಹೆಬ್ಬೆಟ್ಟನ್ನು ನನ್ನ ಕಡೆ ಚಾಚಿದಳು.

ಒಂದಿಬ್ಬರು ನಕ್ಕರು. ಮೊಮ್ಮಗಳು ನಗಲಿಲ್ಲ. ಮುದುಕಿ ಚಾಚಿದ ಹೆಬ್ಬೆಟ್ಟನ್ನು ಇಳಿಸಲಿಲ್ಲ. ಕಣ್ಣೆತ್ತಿದಾಗ ಅವಳು ನೋಡಿದ್ದು ನನ್ನನ್ನಲ್ಲ, ನನ್ನ ಹಿಂದಿನ ಗೇಟನ್ನು, ಅದರ ಕೀಲಿಯನ್ನು, ಎರಡೂ ಕಡೆ ಹಬ್ಬಿದ್ದ ತಂತಿಯನ್ನು.

ನನಗೆ ಏನೂ ತಿಳಿಯದಿದ್ದರೂ ಅಷ್ಟು ಮಾತ್ರ ತಿಳಿಯಿತು. ಪೊಲೀಸಪ್ಪನಿಗೆ ಕೀಲಿ ತೆಗೆಯಲು ಹೇಳಿದೆ. ಮೇಲಿನವರು ಕೇಳಿದರೆ ಎಂದ. ನಾನು ಹೇಳಿಕೊಳ್ಳುತ್ತೇನೆ ಎಂದೆ. ಗೇಟು ತೆರೆದ ಮೇಲೆ ದುರ್ಗವ್ವ ನಿಧಾನಕ್ಕೆ ಹೊರಗೆ ಹೋದಳು, ಒಳಗೆ ಬಂದಳು, ಮತ್ತೆ ಹೋದಳು. ಮೂರು ಸಲ ಹೋಗಿ ಬಂದು, ಯಾರೂ ಕೇಳುವವರಿಲ್ಲ ಎಂದು ಖಾತ್ರಿಯಾದ ಮೇಲೆ ಗೋಡೆಗೆ ಒರಗಿ ಕುಳಿತಳು.

ಆ ಸಾಲೆಯಲ್ಲಿ ಎಂಟು ದಿನ ಕಳೆದೆವು. ಜನ ತೇಲಿಬಂದ ಈಚಲು ಗರಿಗಳನ್ನು ಹಿಡಿದು ತಂದು ಬಕೆಟ್ಟಿನಲ್ಲಿ ನೆನೆಹಾಕಿದರು. ಕೈ ಸುಮ್ಮನಿರುವುದಿಲ್ಲ ಅವರದು. ದುರ್ಗವ್ವ ಬುಟ್ಟಿ ಹೆಣೆಯುತ್ತ, ನಾನು ನಷ್ಟದ ಅರ್ಜಿಗಳನ್ನು ತುಂಬುತ್ತ, ಒಂದೇ ಕೋಣೆಯಲ್ಲಿ ಕೂರುತ್ತಿದ್ದೆವು. ಹೆಣೆಯುವಾಗ ಅವಳ ಬಾಯಿ ಬಿಚ್ಚಿಕೊಳ್ಳುತ್ತಿತ್ತು.

ಅವಳು ಹೇಳಿದ್ದು ಇಷ್ಟು. ಕೆಲವು ಜಾತಿಗಳ ಮಂದಿ ಹುಟ್ಟಿನಿಂದಲೇ ಕಳ್ಳರು ಎಂದು ಬ್ರಿಟಿಷರು ಕಾಯ್ದೆ ಮಾಡಿದ್ದರು. ದುರ್ಗವ್ವನ ತಂದೆ ಯಮನಪ್ಪ ಸನಾದಿ ಊದುವವನು. ಕಿತ್ತೂರು, ದೇಗಾಂವ, ಬೈಲಹೊಂಗಲದ ನಡುವೆ ಕತ್ತೆಯ ಮೇಲೆ ಸಂಸಾರ ಹೇರಿಕೊಂಡು ತಿರುಗುತ್ತಿದ್ದರು. ಬ್ರಿಟಿಷರ ಕಡೆಯ ಕಾಲ. ದುರ್ಗವ್ವನಿಗೆ ಐದೋ ಆರೋ ವರ್ಷ. ದೇಗಾಂವದ ಹತ್ತಿರ ಬೀಡುಬಿಟ್ಟಿದ್ದಾಗ ಯಾವುದೋ ಊರಿನಲ್ಲಿ ಕಳುವಾಯಿತೆಂದು ಪೊಲೀಸರು ಬಂದು, ಮುದುಕರು ಮಕ್ಕಳೆನ್ನದೆ ಇಡೀ ಬೀಡನ್ನೇ ನಡೆಸಿಕೊಂಡು ಹೋದರು. ಹೊಳೆಯಾಚೆಯ ದೊಡ್ಡ ಊರೊಂದರ ಅಂಚಿಗೆ ತಂತಿ ಬೇಲಿಯ ಸೆಟ್ಲಮೆಂಟು ಇತ್ತು. ದಿನಕ್ಕೆ ಮೂರು ಸಲ ಹೆಬ್ಬೆಟ್ಟೊತ್ತಿ ಹಾಜರಿ. ಹೊರಗೆ ಹೋಗಬೇಕಾದರೆ ಚೀಟಿ. ಗಂಡಸರು ಹೆಂಗಸರು ಗಿರಣಿಯ ಕೆಲಸಕ್ಕೆ.

ತಂದೆತಾಯಿಯ ಹತ್ತಿರ ಬಿಟ್ಟರೆ ಕಳುವು ಕಲಿಯುತ್ತಾರೆಂದು ಮಕ್ಕಳನ್ನು ಬೇರೆ ಮಾಡಿದರು. ಸೆಟ್ಲಮೆಂಟಿನೊಳಗೇ ಇನ್ನೊಂದು ಬೇಲಿ, ಅದರೊಳಗೆ ಮಿಷನರಿಗಳು ನಡೆಸುವ ಮಕ್ಕಳ ಮನೆ. ಮೊದಲ ದಿನ ತಲೆ ಬೋಳಿಸಿ, ಬಟ್ಟೆ ಸುಟ್ಟು, ದುರ್ಗವ್ವನ ಕೊರಳಲ್ಲಿದ್ದ ದೇವಿಯ ಪುಟ್ಟ ಬೆಳ್ಳಿ ಮುಖವನ್ನು ಕಿತ್ತುಕೊಂಡರು. ಒಂದು ದಿನ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ತಲೆಯ ಮೇಲೆ ನೀರು ಹಾಕಿ, ಕಾಗದ ನೋಡಿ ಒಬ್ಬೊಬ್ಬರಿಗೆ ಒಂದೊಂದು ಹೆಸರು ಓದಿದರು. ಅವಳ ಪಾಲಿಗೆ ಬಂದದ್ದು ಮಾರ್ಥಾ. ಕನ್ನಡ ಬಿಟ್ಟು ತಮ್ಮ ಕೊರವರ ಮಾತು ಆಡಿದರೆ ಬಾಯಿಗೆ ಸಾಬೂನು. ಹಳೆಯ ಹೆಸರಿಗೆ ಓಗೊಟ್ಟರೆ ಬೆತ್ತ.

ಅಲ್ಲಿ ಫ್ಲೋರಾಬಾಯಿ ಎಂಬ ಟೀಚರಿದ್ದಳು. ದುರ್ಗವ್ವನಿಗೆ ಜ್ವರ ಬಂದಾಗ ಮಡಿಲಲ್ಲಿ ಮಲಗಿಸಿಕೊಂಡು ಹಾಲು ಕುಡಿಸಿದವಳು ಅವಳೇ. ಆ ಮಾತು ಬಂದಾಗ ದುರ್ಗವ್ವನ ಕೈ ಹೆಣಿಗೆಯಲ್ಲಿ ತಪ್ಪುತ್ತಿತ್ತು. "ಅಕಿ ಚಲೋ ಇದ್ಲು ತಂಗಿ. ಅದ ನನಗ ಇನ್ನೂ ಬಗಿಹರಿವಲ್ದು," ಎಂದಿದ್ದಳು.

ಸ್ವಾತಂತ್ರ್ಯ ಬಂದು ಕೆಲವು ವರ್ಷಕ್ಕೆ ಕಾಯ್ದೆ ಹೋಯಿತು, ತಂತಿ ಕಿತ್ತರು. ಯಮನಪ್ಪ ಮಗಳ ಕೈ ಹಿಡಿದು ಹೊರಟ. ದಾರಿಯುದ್ದಕ್ಕೂ ತಮ್ಮ ಮಾತಿನಲ್ಲಿ ಏನೇನೋ ಹೇಳಿದನಂತೆ. ಅವಳಿಗೆ ಒಂದೂ ತಿಳಿಯಲಿಲ್ಲ. ಕಡೆಗೆ ಅಪ್ಪನೇ ಕನ್ನಡಕ್ಕೆ ಬಂದ. ಸಾಯುವ ತನಕ ಅಪ್ಪ ಮಗಳು ಕನ್ನಡದಲ್ಲೇ ಮಾತಾಡಿದರು.

ಹೊಳೆ ಇಳಿಯಿತು. ಮನೆಗಳಲ್ಲಿ ಮೊಳಕಾಲುದ್ದದ ಕೆಸರು. ದುರ್ಗವ್ವನ ಮೊಮ್ಮಗಳು ಕಸ್ತೂರಿ ಪಿಯುಸಿ ವಿಜ್ಞಾನ ಪಾಸಾಗಿ ನರ್ಸಿಂಗಿಗೆ ಅರ್ಜಿ ಹಾಕಿದ್ದಳು. ತಾಯಿ ತೀರಿಹೋಗಿದ್ದಳು, ತಂದೆ ಮಿರಜ ಕಡೆ ದುಡಿಯಲು ಹೋಗಿದ್ದ. ಆ ಮನೆಯನ್ನು ಅಜ್ಜಿ ಮೊಮ್ಮಗಳೇ ನಡೆಸುತ್ತಿದ್ದರು. ತಂದೆಯ ಜಾತಿ ಪ್ರಮಾಣಪತ್ರವಿದ್ದ ಟ್ರಂಕು ಹೊಳೆಯ ಪಾಲಾಗಿತ್ತು. ಹೊಸದಾಗಿ ಪರಿಶಿಷ್ಟ ಜಾತಿಯ ಪತ್ರ ಬೇಕು, ಅದಕ್ಕೆ ನನ್ನ ವರದಿ ಬೇಕು.

ದುರ್ಗವ್ವನ ಗಂಡನ ಕಡೆಯ ಕಾಗದವೊಂದೂ ಇಲ್ಲದ್ದರಿಂದ ಅವಳ ತವರಿನ ಕಡೆಯಿಂದಲೇ ವಂಶವೃಕ್ಷ ಬರೆದೆ. ಕಸ್ತೂರಿ, ಅವಳ ತಂದೆ, ಅವನ ತಾಯಿ ದುರ್ಗವ್ವ, ಅವಳ ತಂದೆ ಯಮನಪ್ಪ. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ಎಂಟು ದಿನ ಕೇಳಿದ್ದು ನನ್ನ ತಲೆಯಲ್ಲಿ ಕುದಿಯುತ್ತಿತ್ತು. ಇಂಥ ಅನ್ಯಾಯ ಒಂದು ಸಲವಾದರೂ ಸರಕಾರದ ಕಾಗದದಲ್ಲಿ ಬರಲಿ ಎನ್ನಿಸಿತು. ಯಾರೂ ಕೇಳದ ಒಂದು ಸಾಲನ್ನು ಸೇರಿಸಿದೆ: "ಅರ್ಜಿದಾರರ ಅಜ್ಜಿಯು ಬಾಲ್ಯದಲ್ಲಿ ಬ್ರಿಟಿಷರ ಸೆಟ್ಲಮೆಂಟಿನಲ್ಲಿದ್ದು, ಅಲ್ಲಿ ಕ್ರೈಸ್ತ ಮತಕ್ಕೆ ಮತಾಂತರ ಹೊಂದಿದ್ದು, ನಂತರ ಸ್ವಸಮುದಾಯಕ್ಕೆ ಮರಳಿರುತ್ತಾರೆ." ಬರೆದು ಮುಗಿಸಿದಾಗ ಒಳ್ಳೆಯ ಕೆಲಸ ಮಾಡಿದೆ ಎಂಬ ಹಿಗ್ಗು ಕೂಡ ಇತ್ತು.

ಹದಿನೈದು ದಿನಕ್ಕೆ ಕಸ್ತೂರಿ ನನ್ನ ಚಾವಡಿಗೆ ಬಂದಳು. ಅರ್ಜಿ ತಿರಸ್ಕೃತವಾಗಿತ್ತು. ಅಜ್ಜಿ ಕ್ರೈಸ್ತಳಾಗಿದ್ದಳೆಂದು ವರದಿಯೇ ಹೇಳುತ್ತಿರುವುದರಿಂದ ಪರಿಶಿಷ್ಟ ಜಾತಿ ಎಂದು ಪರಿಗಣಿಸಲು ಬರುವುದಿಲ್ಲ ಎಂದು ಕೆಳಗೆ ಷರಾ. ಅವಳು ಕಾಗದವನ್ನು ಮೇಜಿನ ಮೇಲಿಟ್ಟು, ನನ್ನ ಸಾಲಿನ ಕೆಳಗೆ ಬೆರಳಿಟ್ಟಳು.

"ನಮ್ಮಾಯಿ ಇದನ್ನ ನಿಮಗ ಹೇಳಿದ್ಲ್ರಿ ಮೇಡಮ್ಮಾರ," ಎಂದಳು. "ಸರಕಾರಕ್ಕ ಹೇಳಿದ್ದಿಲ್ಲ."

ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ. ಇದ್ದಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ಅಂದಿನಿಂದ ನನಗೆ ನೆಲೆ ತಪ್ಪಿತು. ಸ್ಕೂಟಿ ಏರಿ ಕಚೇರಿಗೆ, ಅಲ್ಲಿಂದ ಊರಿಗೆ, ಮತ್ತೆ ಕಚೇರಿಗೆ. ಉಣ್ಣಲು ಕೂತರೆ ಅರ್ಧಕ್ಕೆ ಏಳುತ್ತಿದ್ದೆ. ನರ್ಸಿಂಗ್ ಪ್ರವೇಶಕ್ಕೆ ಇನ್ನು ಒಂದೂವರೆ ತಿಂಗಳಿತ್ತು. ಗುಮಾಸ್ತರೊಬ್ಬರು ದಾರಿ ತೋರಿಸಿದರು. ಮುದುಕಿಯನ್ನು ಶುದ್ಧಿ ಮಾಡಿಸಿ ಮರಳಿ ಧರ್ಮಕ್ಕೆ ತಂದ ಬಗ್ಗೆ ಯಾರಿಂದಲಾದರೂ ಪತ್ರ ತಂದರೆ ಕೆಲಸ ಹಗುರಾಗುತ್ತದೆ ಎಂದರು. ಆ ಮಾತು ಹೇಗೆ ಹೊರಗೆ ಹೋಯಿತೋ, ಮುಂದಿನ ವಾರವೇ ರಾಮದುರ್ಗದ ಕಡೆಯಿಂದ ನಾಲ್ವರು ಜೀಪಿನಲ್ಲಿ ಬಂದರು. ಹಾರ, ಹೊಸ ಸೀರೆ, ತಂಬಿಗೆಯಲ್ಲಿ ಪುಣ್ಯನದಿಯ ನೀರು, ಫೋಟೋ ತೆಗೆಯುವವನು, ಎಲ್ಲ ಜೊತೆಗಿದ್ದವು. ಅವರ ಮುಂದಾಳು ವಿನಯವಂತ. ಅರ್ಧ ತಾಸಿನ ವಿಧಿ, ಸಂಜೆಗೇ ಪತ್ರ, ಹುಡುಗಿಯ ಭವಿಷ್ಯ ನೋಡಬೇಕಲ್ಲ ಎಂದ. ಕಸ್ತೂರಿ ಆಗಲೇ ಅಂಗಳ ಸಾರಿಸಿ ಇಟ್ಟಿದ್ದಳು. ನಾನು ಬೇಲಿಯ ಬದಿಗೆ ನಿಂತಿದ್ದೆ. ಒಪ್ಪಿಕೋ ಎಂದು ನಾನೂ ಮನಸ್ಸಿನಲ್ಲಿ ಬೇಡಿಕೊಳ್ಳುತ್ತಿದ್ದೆ, ಅದನ್ನು ಮುಚ್ಚಿಡುವುದಿಲ್ಲ.

ದುರ್ಗವ್ವ ತಂಬಿಗೆಯನ್ನು ಬಹಳ ಹೊತ್ತು ನೋಡಿದಳು.

"ಆಗ ಒಂದ ಸಲ ನನ್ನ ಕೇಳದ ನೀರ ಹಾಕಿದ್ರು," ಎಂದಳು. "ಈಗ ನೀವು ಕೇಳಾಕತ್ತೀರಿ, ಅದಕ್ಕ ಹೇಳ್ತೇನಿ. ಬ್ಯಾಡ."

ಮುಂದಾಳು ಅವಳಿಗೆ ತಿಳಿಸಿ ಹೇಳಲು ನೋಡಿದ. ಅವರು ನಿಮ್ಮನ್ನು ಕೆಡಿಸಿದರು, ನಾವು ಸರಿ ಮಾಡುತ್ತಿದ್ದೇವೆ ಎಂದ.

"ನಾ ಕೆಟ್ಟಿಲ್ಲಪಾ. ಕೆಟ್ಟದ್ದು ಅವರ ಬೇಲಿ. ಆ ದೇವರ ಮ್ಯಾಲೂ ನನಗ ಸಿಟ್ಟಿಲ್ಲ, ಅವನೇನ ತಂತಿ ಬಿಗದಿದ್ನೇನ? ಈಗ ನಿನ್ನ ನೀರ ಹಾಕಿಸಿಕೊಂಡ್ರ ಆಗ ನಾ ಹೊಲಸಾಗಿದ್ದೆ ಅಂತ ಒಪ್ಪಿಕೊಂಡಂಗ ಆತು. ನಾ ಒಪ್ಪೂದಿಲ್ಲ."

ಜೀಪು ಹೋಯಿತು. ಕಸ್ತೂರಿ ಅಜ್ಜಿಯ ಮುಂದೆ ನಿಂತು, ನಿನ್ನ ಹಟಕ್ಕೆ ನನ್ನ ಬಾಳು ಹೋಯಿತು ಎಂದು ಒಂದೇ ಮಾತು ಹೇಳಿ, ಬಟ್ಟೆಯ ಚೀಲ ಹಿಡಿದು ಸವದತ್ತಿಯ ಚಿಕ್ಕಮ್ಮನ ಮನೆಗೆ ಹೋದಳು. ಮುದುಕಿ ತಡೆಯಲಿಲ್ಲ. ಅವಳು ಹೋದ ದಾರಿಯ ಕಡೆ ಬೆನ್ನು ಹಾಕಿ ಬುಟ್ಟಿಗೆ ಕೈ ಹಚ್ಚಿದಳು. ಅಂದು ಹೆಣೆದದ್ದನ್ನೆಲ್ಲ ಬಿಚ್ಚಿದಳು, ಮತ್ತೆ ಹೆಣೆದಳು.

ಎರಡು ದಿನ ಬಿಟ್ಟು ನಾನು ಕ್ಷಮೆ ಕೇಳಲು ಹೋದೆ. ಅವಳು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ನನ್ನ ಬಗ್ಗೆ ಏನು ಬರೆದಿದ್ದಿ, ಓದು ಎಂದಳು. ಓದಿದೆ.

"ಹೊಂದಿದ್ದು ಅಂದ್ರ?"

ಆದರು ಎಂದ ಹಾಗೆ, ಎಂದೆ.

"ಯಾರು ಆದ್ರು?"

ನಾನು ಆ ಸಾಲನ್ನು ಮತ್ತೊಮ್ಮೆ ಓದಿಕೊಂಡೆ.

"ನಾ ಏನೂ ಹೊಂದಲಿಲ್ಲ ತಂಗಿ. ನನ್ನ ಹಿಡದು ಮಾಡಿದ್ರು. ಆಗಿನ್ನೂ ನನ್ನ ಹಾಲಹಲ್ಲ ಬಿದ್ದಿದ್ದಿಲ್ಲ. ನಿನ್ನ ಕಾಗದ ಓದಿದಾವರು ನಾನ ಹೋಗಿ ನೀರಿಗೆ ತಲಿ ಕೊಟ್ಟೇನಿ ಅಂತ ತಿಳ್ಕೋತಾರ. ತಿದ್ದು."

ಹತ್ತು ವರ್ಷ ಸರಕಾರಿ ಕನ್ನಡ ಬರೆದು ಬರೆದು ನನ್ನ ಕೈ ಹಾಗಾಗಿತ್ತು. ಮೃತಪಟ್ಟಿರುತ್ತಾರೆ, ಒಕ್ಕಲೆಬ್ಬಿಸಲ್ಪಟ್ಟಿರುತ್ತಾರೆ, ಹೊಂದಿರುತ್ತಾರೆ. ಯಾರು ಮಾಡಿದರು ಎಂಬುದು ಕಾಣದ ಹಾಗೆ ಬರೆಯುವುದೇ ನಮ್ಮ ಕಸಬು. ಅಂದು ಸಂಜೆಯೇ ಕುಳಿತು ಎರಡನೆಯ ವರದಿ ಬರೆದೆ. ಐದಾರು ವರ್ಷದ ಹುಡುಗಿಯನ್ನು ತಂದೆತಾಯಿಯಿಂದ ಕಿತ್ತು, ಅವರ ಒಪ್ಪಿಗೆ ಇಲ್ಲದೆ, ಬಲವಂತದಿಂದ ಹೆಸರು ಬದಲಿಸಿದರು. ಬಿಡುಗಡೆಯಾದ ದಿನದಿಂದ ಆಕೆ ತನ್ನವರೊಡನೆಯೇ ಬಾಳಿದ್ದಾಳೆ, ತನ್ನವರಲ್ಲೇ ಮದುವೆಯಾಗಿದ್ದಾಳೆ. ನನ್ನ ಮೊದಲ ವರದಿಯ ವಾಕ್ಯ ತಪ್ಪು, ಆ ತಪ್ಪು ನನ್ನದು, ಎಂದು ಬರೆದು ಸಹಿ ಮಾಡಿದೆ. ಒಂದೇ ವಿಷಯಕ್ಕೆ ಎರಡು ವರದಿ ಏಕೆ ಎಂದು ನನಗೆ ನೋಟಿಸು ಬಂತು. ಅದಕ್ಕೂ ಉತ್ತರ ಕೊಟ್ಟೆ. ತಹಶೀಲ್ದಾರರು ಮುದುಕಿಯನ್ನು ಕರೆತರಲು ಹೇಳಿದರು.

ವಿಚಾರಣೆಯ ದಿನ ಕಸ್ತೂರಿಗೆ ಫೋನು ಮಾಡಿದ್ದೆ. ಬರುತ್ತಾಳೆಂಬ ಭರವಸೆ ಇರಲಿಲ್ಲ. ನಾನೂ ದುರ್ಗವ್ವನೂ ಬಸ್ಸಿಳಿದಾಗ ಅವಳು ಕಚೇರಿಯ ಬೇವಿನ ಮರದ ಕೆಳಗೆ ನಿಂತಿದ್ದಳು. ಅಜ್ಜಿಯ ಕೈಚೀಲ ತೆಗೆದುಕೊಂಡಳೇ ಹೊರತು ಮಾತಾಡಲಿಲ್ಲ.

ತಹಶೀಲ್ದಾರರು ನಿವೃತ್ತಿಯ ಅಂಚಿನಲ್ಲಿದ್ದವರು. ಕುರ್ಚಿ ಹಾಕಿಸಿ, "ಅಜ್ಜಿ, ನಿಮ್ಮ ಧರ್ಮ ಯಾವುದ್ರಿ?" ಎಂದು ಕೇಳಿದರು.

ದುರ್ಗವ್ವ ಕುರ್ಚಿಯ ತುದಿಗೆ ಕುಳಿತಿದ್ದಳು.

"ಅದು ನನಗ ಸರಿಯಾಗಿ ಹೇಳಾಕ ಬರೂದಿಲ್ಲ ಸಾಹೇಬ್ರ," ಎಂದಳು. "ಯಾರ ಮಗಳು ಅಂತ ಕೇಳ್ರಿ, ಹೇಳ್ತೇನಿ. ಸನಾದಿ ಯಮನಪ್ಪನ ಮಗಳು. ನಮ್ಮವ್ವನ ಹೆಸರು ಹುಲಿಗೆವ್ವ."

ಮುಂದೆ ಹೇಳಿ ಅಂದರು ಸಾಹೇಬರು. ಆಗ ಅವಳು, ಎಂಟು ದಿನದಲ್ಲಿ ನನಗೂ ಹೇಳದಿದ್ದದ್ದನ್ನು ಹೇಳಿದಳು.

"ಗಿರಣಿ ಬಿಟ್ಟ ಮ್ಯಾಲ ನಮ್ಮವ್ವ ದಿನಾ ನಮ್ಮ ಬೇಲಿ ಹೊರಗ ಬಂದು ನಿಲ್ಲತಿದ್ಲು. ದುರ್ಗೀ ಅಂತ ಕರೀತಿದ್ಲು. ತಿರುಗಿ ನೋಡಿದ್ರ ಬೆತ್ತದ ಏಟು. ಮೊದಮೊದಲ ನೋಡಿ ಹೊಡಿಸಿಕೊಂಡೆ. ಆಮ್ಯಾಲ ನೋಡೂದ ಬಿಟ್ಟೆ. ಅಕಿ ಕರೀತಿದ್ಲು, ನಾ ಅಂಗಳಾ ಉಡಗತಿದ್ದೆ, ಕೇಳಿಸಲಾರದಾವರಗತೆ. ಒಂದಿನ ಅಕಿ ದುರ್ಗಿ ಅನ್ನಲಿಲ್ಲ. ಮಾರ್ಥಾ ಅಂದ್ಲು. ಹಂಗ ಕರದ್ರರ ನಾ ನೋಡ್ತೇನಿ ಅಂತ. ಅಕಿಗೆ ಆ ಹೆಸರ ಸರಿಯಾಗಿ ಅನ್ನಾಕ ಬರ್ತಿದ್ದಿಲ್ಲ, ಮಾರತಿ ಅಂದ್ಲು. ಆಗೂ ನಾ ನೋಡಲಿಲ್ಲ. ಮುಂದ ನಾಕ ದಿನಕ್ಕ ಜ್ವರದಾಗ ಸತ್ತಳಂತ. ಮಣ್ಣ ಮಾಡಿ ಬಂದ ಮ್ಯಾಲ ನನಗ ಹೇಳಿದ್ರು."

ಕಸ್ತೂರಿ ಗೋಡೆಗೆ ಆತುಕೊಂಡು ನಿಂತಿದ್ದವಳು ಬಂದು ಅಜ್ಜಿಯ ಕುರ್ಚಿಯ ಪಕ್ಕ ನೆಲದ ಮೇಲೆ ಕುಳಿತಳು. ಸಾಹೇಬರು ಕನ್ನಡಕ ತೆಗೆದು ಇಟ್ಟರು, ಮತ್ತೆ ಹಾಕಿಕೊಂಡರು. ಮುದುಕಿಗೆ ನೀರು ತರಿಸಿದರು. ಶುದ್ಧಿಯ ಪತ್ರದ ಬಗ್ಗೆ ಗುಮಾಸ್ತರು ಏನೋ ಹೇಳಲು ಹೋದರು. ಅದರ ಅವಶ್ಯಕತೆ ಇಲ್ಲ ಎಂದು ಸಾಹೇಬರು ನನ್ನ ಎರಡನೆಯ ವರದಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

ಪ್ರಮಾಣಪತ್ರ ಬಂತು. ಆದರೆ ಅದು ಸಹಿಯಾಗಿ ಕೈಗೆ ಬರುವಷ್ಟರಲ್ಲಿ ಪ್ರವೇಶ ಮುಗಿದು ಒಂಬತ್ತು ದಿನವಾಗಿತ್ತು. ನನ್ನ ಒಂದು ಸಾಲು ಕಸ್ತೂರಿಯ ಒಂದು ವರ್ಷವನ್ನು ತಿಂದಿತು. ಅವಳು ಆ ವರ್ಷವಿಡೀ ಮನೆಯಲ್ಲಿ ಅಜ್ಜಿಯ ಜೊತೆ ಬುಟ್ಟಿ ಹೆಣೆದಳು. ಮುಂದಿನ ವರ್ಷ ಸೀಟು ಸಿಕ್ಕಿತು. ನನ್ನೊಂದಿಗೆ ಮಾತಾಡುತ್ತಿದ್ದಳು, ಆದರೆ ಅಳೆದು ಆಡುತ್ತಿದ್ದಳು. ಅದು ತಪ್ಪೆನ್ನಲಾರೆ.

ದುರ್ಗವ್ವ ನನ್ನನ್ನು ಕೇಳಿದ್ದು ಒಂದೇ. ಆ ಜಾಗಕ್ಕೆ ಒಂದು ಸಲ ಕರಕೊಂಡು ಹೋಗು, ನಮ್ಮವ್ವ ನಿಲ್ಲುತ್ತಿದ್ದಲ್ಲಿ ನಿಂತು ಬರುತ್ತೇನೆ ಎಂದಿದ್ದಳು. ಸಂಕ್ರಾಂತಿ ಆಗಲಿ ಎಂದೆ. ಸಂಕ್ರಾಂತಿಗೆ ಏನೋ ಕೆಲಸ, ಯುಗಾದಿಗೆ ಹೋಗೋಣ ಎಂದೆ. ಯುಗಾದಿಯ ಹೊತ್ತಿಗೆ ಕೊರೊನಾ ಬಂದು ಬಸ್ಸುಗಳು ನಿಂತವು. ಅದು ಸಡಿಲಾದಾಗ ನನಗೆ ಬೈಲಹೊಂಗಲಕ್ಕೆ ವರ್ಗವಾಯಿತು. ದುರ್ಗವ್ವ ಹೋದ ಸುದ್ದಿ ಕಸ್ತೂರಿಯ ಫೋನಿನಿಂದ ತಿಳಿಯಿತು. ಮಣ್ಣಿಗೆ ಹೋಗಲೂ ನನಗೆ ಆಗಲಿಲ್ಲ.

ಇದನ್ನೆಲ್ಲ ಆ ಕಸಬರಿಗೆಗಳು ಮೊನ್ನೆ ಎಬ್ಬಿಸಿದವು. ಕಸ್ತೂರಿ ಈಗ ಸವದತ್ತಿ ಕಡೆಯ ಒಂದು ಆಸ್ಪತ್ರೆಯಲ್ಲಿ ನರ್ಸು. ಫೋನು ಮಾಡಿ, ಹೋಗೋಣವೇ ಎಂದು ಕೇಳಿದೆ. ರವಿವಾರ ರಜೆ ಐತ್ರಿ ಎಂದಳು.

ಹೊಳೆಯಾಚೆಯ ಆ ಊರು ಈಗ ಬೆಳೆದು ಬೇಲಿಯ ಜಾಗವನ್ನು ನುಂಗಿದೆ. ಮನೆಗಳು, ಒಂದು ಕಲ್ಯಾಣ ಮಂಟಪ, ಮೊಬೈಲಿನ ಗೋಪುರ. ಹುಲಿಗೆವ್ವ ನಿಂತದ್ದು ಎಲ್ಲಿ ಎಂದು ತೋರಿಸುವವರು ಯಾರೂ ಇರಲಿಲ್ಲ. ಒಬ್ಬ ಮುದುಕ ಹಳೆಯ ಚರ್ಚಿನ ಕಡೆ ಕೈಮಾಡಿದ. ಪ್ರಾರ್ಥನೆ ಮುಗಿದು ಜನ ಹೊರಬರುತ್ತಿದ್ದರು. ಪಾದ್ರಿ ಸಣ್ಣ ವಯಸ್ಸಿನವರು, ನಮ್ಮ ಕಡೆಯ ಮಾತೇ. ನಾವು ಬಂದ ಕಾರಣ ಕೇಳಿ, ಚಹಾ ಕೊಟ್ಟು, ಕಪಾಟಿನಿಂದ ಹಳೆಯ ರಿಜಿಸ್ಟರುಗಳನ್ನು ಇಳಿಸಿದರು. ಮೂರನೆಯದರಲ್ಲಿ ಸಿಕ್ಕಿತು. ಒಂದೇ ದಿನ, ಒಂದೇ ಕೈಬರಹ, ಹತ್ತೊಂಬತ್ತು ಮಕ್ಕಳು. ಇಂಗ್ಲಿಷಿನಲ್ಲಿ ಬರೆದಿದ್ದರು. ಹೊಸ ಹೆಸರು ಮಾರ್ಥಾ. ಹಿಂದಿನ ಹೆಸರು ದುರ್ಗಿ. ತಂದೆ: ತಿಳಿಯದು. ಅದರ ಕೆಳಗೆ ಹಾಳೆಯ ತುದಿಯ ತನಕ ಅದೇ, ಅದೇ ಎಂಬ ಗುರುತು.

ಆ ತಂದೆ ಅಲ್ಲಿಂದ ಕೂಗಳತೆಯಲ್ಲಿ ದಿನಕ್ಕೆ ಮೂರು ಸಲ ಹಾಜರಿ ಹೇಳುತ್ತಿದ್ದವನು. ಅವನ ಹೆಸರು ಸೆಟ್ಲಮೆಂಟಿನ ಹಾಜರಿ ರಿಜಿಸ್ಟರಿನಲ್ಲಿ ಇದ್ದೇ ಇರಬೇಕು.

"ಈ ಹಾಳಿ ನಾ ಮೊದಲ ನೋಡೇನ್ರಿ," ಎಂದರು ಪಾದ್ರಿ, ಮೆಲ್ಲಗೆ. "ಅನಾಥ ಮಕ್ಕಳಿರಬೇಕು ಅಂತ ತಿಳದ ಮುಚ್ಚಿಟ್ಟಿದ್ದೆ."

ಕಸ್ತೂರಿ ಪೆನ್ಸಿಲ್ ಕೇಳಿದಳು. ಅವರು ಬಾಗಿಲ ಕಡೆ ನೋಡಿದರು, ರಿಜಿಸ್ಟರನ್ನು ನೋಡಿದರು. ಆಮೇಲೆ ಡ್ರಾವರಿನಿಂದ ತೆಗೆದು ಕೊಟ್ಟರು. ತಿಳಿಯದು ಎಂಬುದರ ಪಕ್ಕದಲ್ಲಿ ಕಸ್ತೂರಿ ಸಣ್ಣ ಅಕ್ಷರದಲ್ಲಿ ಯಮನಪ್ಪ ಎಂದು ಬರೆದಳು. ಪೆನ್ಸಿಲು ಕೆಳಗಿನ ಸಾಲಿಗೆ ಇಳಿದು ನಿಂತಿತು. ಅವಳು ನನ್ನ ಮುಖ ನೋಡಿದಳು. ಸಾವಿರಾರು ವಂಶವೃಕ್ಷ ಬರೆದವಳು ನಾನು. ಉಳಿದ ಹದಿನೆಂಟು ಮಕ್ಕಳ ತಂದೆಯರ ಹೆಸರುಗಳಲ್ಲಿ ಒಂದೂ ನನಗೆ ಗೊತ್ತಿರಲಿಲ್ಲ.

"ನಮ್ಮ ಮಂದಿಯೊಳಗ ಮುದುಕರಿನ್ನೂ ಅದಾರ್ರಿ," ಎಂದಳು ಕಸ್ತೂರಿ. "ಕೇಳಿ ನೋಡಬಹುದು." ಬರೆದುಕೊಳ್ಳಲು ಫೋನು ತೆಗೆದು, ಪಾದ್ರಿಯವರಿಗೆ, ಹೇಳ್ರಿ, ಬರಕೋತೇನಿ ಎಂದಳು.

ಪಾದ್ರಿ ರಿಜಿಸ್ಟರನ್ನು ಕಿಟಕಿಯ ಬೆಳಕಿಗೆ ಒಯ್ದು ಓದತೊಡಗಿದರು. ಪೀಟರ್, ಹಿಂದಿನ ಹೆಸರು ಹನುಮ. ರೂತ್, ಹಿಂದಿನ ಹೆಸರು ಯಲ್ಲಿ. ಸಾಮುವೇಲ್, ಹಿಂದಿನ ಹೆಸರು ಭೀಮ್ಯಾ. ಎಸ್ತರ್ ಎಂದವರು ಅಲ್ಲಿ ತಡೆದು, ಹಾಳೆಯನ್ನು ಇನ್ನಷ್ಟು ಹತ್ತಿರ ಹಿಡಿದು, ಇಲ್ಲಿ ಶಾಯಿ ಹಬ್ಬೈತ್ರಿ, ತಿಳೀವಲ್ದು ಎಂದರು.

ಕಸ್ತೂರಿ ಅಲ್ಲಿ ಒಂದು ಸಾಲು ಖಾಲಿ ಬಿಟ್ಟಳು.